ಹಾಡಿಸೋದು ಆಮೇಲೆ, ಮೊದಲು ಕುರ್ಚಿ ಹಾಕಿ

ಅಕ್ಕ ಅಂತ ಕರೆದು ಕೇಳಿದ್ದೀರಿ, ಹಾಗಾಗಿ ಸುತ್ತಿಬಳಸದೆ ಹೇಳುತ್ತೇನೆ. ಇಂಗ್ಲೆಂಡಿಗೆ ಬಂದು ಐದು ತಿಂಗಳಾಯಿತು, ಆಫೀಸು ಬಿಟ್ಟರೆ ಮನೆ ಅಂದಿರಿ. ಮಂಗಳವಾರ ಸಂಜೆ ಹತ್ತಿರದಲ್ಲಿ ಪಾಪ್ ಹಾಡುಗಳನ್ನು ಗುಂಪಾಗಿ ಹಾಡುವ ಪಾಪ್ ಕ್ವಾಯರ್‌ಗೆ ಹೋಗುತ್ತಿದ್ದೀರಿ. ಅಲ್ಲಿ ಹಾಡಿಸುವವರು ರಿಹರ್ಸಲ್ ನಡೆಸೋಕೆ ಸ್ವಲ್ಪ ಕೈ ಜೋಡಿಸಿ ಎಂದು ಕೇಳಿದ್ದಾರೆ. ಒಪ್ಪಿಕೊಳ್ಳಲಾ, ಇವರು ನಮ್ಮನ್ನು ನಿಜವಾಗಿ ಹತ್ತಿರ ಸೇರಿಸುತ್ತಾರಾ ಅನ್ನೋದು ನಿಮ್ಮ ಪ್ರಶ್ನೆ.

ಒಪ್ಪಿಕೊಳ್ಳಿ. ಆದರೆ ಮೊದಲ ಎರಡು ತಿಂಗಳು ಹಾಡಿಸೋ ಕೆಲಸ ಬೇಡ. ಕುರ್ಚಿ ಹಾಕೋ ಕೆಲಸ ಕೇಳಿ ತಗೊಳ್ಳಿ.

ನಾನು ಬಂದು ಹದಿನಾಲ್ಕು ವರ್ಷ. ಆರು ವರ್ಷದಿಂದ ಸುಮಾರು ಐವತ್ತು ಜನರ ಕ್ವಾಯರ್ ನಡೆಸುತ್ತಿದ್ದೇನೆ. ಅದಕ್ಕೂ ಮುಂಚೆ ಒಂದು ವರ್ಷ ಪೂರ್ತಿ ಸರಿಯಾದ ಟೈಮಿಗೆ ಹೋಗಿ, ಹಾಡಿ, ಕೋಟು ಹಾಕಿಕೊಂಡು ಬರುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಅಷ್ಟೇ. ಒಂದು ವಾರ ಕುರ್ಚಿ ಹಾಕುವವರಿಗೆ ಹುಷಾರಿರಲಿಲ್ಲ. ಅರ್ಧ ಗಂಟೆ ಮೊದಲೇ ಹೋಗಿ ನಾನೇ ಹಾಕಿದೆ. ಇನ್ನೊಬ್ಬರು ಕೀಬೋರ್ಡಿಗೆ ವೈರ್ ಸಿಕ್ಕಿಸುತ್ತಾ ತಮ್ಮ ಮಂಡಿ ನೋವಿನ ಕಥೆ ಹೇಳಿದರು. ಒಂದು ವರ್ಷದಲ್ಲಿ ಆಗದ ಮಾತು ಆ ಅರ್ಧ ಗಂಟೆಯಲ್ಲಿ ಆಯಿತು. ಕೈಯಲ್ಲಿ ಕೆಲಸ ಇದ್ದರೆ ಇಲ್ಲಿಯ ಜನಕ್ಕೆ ಬಾಯಿ ಬರುತ್ತೆ. ಸುಮ್ನೆ ಎದುರುಬದುರು ನಿಂತರೆ ಹವಾಮಾನ ಬಿಟ್ಟು ಮಾತು ಮುಂದೆ ಹೋಗಲ್ಲ.

ಹಾಡೋದೂ ಸಹಾಯ ಮಾಡುತ್ತೆ, ಇಲ್ಲ ಅನ್ನಲ್ಲ. ಆಕ್ಸ್‌ಫರ್ಡ್ ಯೂನಿವರ್ಸಿಟಿಯವರು ಹೊಸದಾಗಿ ಶುರುವಾದ ದೊಡ್ಡವರ ತರಗತಿಗಳನ್ನು ಏಳು ತಿಂಗಳು ನೋಡಿ 2015ರಲ್ಲಿ ಬರೆದರು. ಕರಕುಶಲ ಕಲಿಯುವವರಿಗಿಂತ, ಕಥೆ ಬರೆಯಲು ಕಲಿಯುವವರಿಗಿಂತ, ಒಟ್ಟಿಗೆ ಹಾಡುವವರು ಬೇಗ ಹತ್ತಿರ ಆದರಂತೆ. ಏಳನೇ ತಿಂಗಳ ಹೊತ್ತಿಗೆ ಎಲ್ಲ ಗುಂಪೂ ಒಂದೇ ಸಮ. ಅಂದರೆ ಹಾಡು ಬಾಗಿಲು ತೆಗೆಯುತ್ತೆ, ಒಳಗೆ ಹೋಗಿ ಕೂರೋದು ನಿಮ್ಮ ಕೆಲಸ.

ಇಂಥ ಕ್ವಾಯರ್‌ಗಳು ಇಲ್ಲೂ ತೀರಾ ಹಳೇವಲ್ಲ. 2005ರಲ್ಲಿ ಲಂಡನ್ ಪಕ್ಕದ ಸರ್ರೆಯಲ್ಲಿ ರಾಕ್ ಕ್ವಾಯರ್ ಎಂಬ ಸಂಸ್ಥೆ ಶುರುವಾಯಿತು. ಮರುವರ್ಷ ಬಿಬಿಸಿಯಲ್ಲಿ ಕ್ವಾಯರ್ ನಡೆಸುವ ಗ್ಯಾರೆತ್ ಮೆಲೋನ್ ಗುಂಪಿನಲ್ಲಿ ಹಾಡಿ ಗೊತ್ತಿಲ್ಲದ ಶಾಲೆ ಮಕ್ಕಳನ್ನು ಸೇರಿಸಿ ಹಾಡಿಸಿ ತೋರಿಸಿದರು. ಆಮೇಲೆ ಊರೂರಲ್ಲೂ ಹಬ್ಬಿತು. ಆಡಿಷನ್ ಇಲ್ಲ, ನೊಟೇಷನ್ ಓದೋಕೆ ಬರಬೇಕಾಗಿಲ್ಲ. ಒಂದು ಸಾಲು ಹೇಳಿಕೊಡುತ್ತಾರೆ, ನೀವು ತಿರುಗಿ ಹೇಳುತ್ತೀರಿ. ನಮ್ಮ ಸಂಗೀತ ಪಾಠವೂ ಹೀಗೇ ಅಲ್ವಾ? ಇಲ್ಲಿ ನಮ್ಮವರು ಮುಂದೆ.

ಹಿಂದೆ ಬೀಳೋದು ಹಾರ್ಮನಿಯಲ್ಲಿ. ನಮ್ಮ ಕಿವಿಗೆ ಒಂದು ಶ್ರುತಿ, ಒಂದು ಧಾಟಿ ಸಾಕು. ಇಲ್ಲಿ ಪಕ್ಕದವರು ಬೇರೆ ಸ್ವರ ಹಾಡುತ್ತಿರುವಾಗ ನಿಮ್ಮ ಸ್ವರ ಬಿಡದೆ ಹಿಡಿಯಬೇಕು. ನಾನು ಆಲ್ಟೋ, ಅಂದರೆ ಹೆಂಗಸರಲ್ಲಿ ಕೆಳಗಿನ ದನಿ. ಮೇಲಿನ ದನಿಯ ಸೊಪ್ರಾನೋಗಳು ಚೆಂದದ ಧಾಟಿ ಹಾಡುತ್ತಿದ್ದರೆ ನಮಗೆ ಎಂಟು ಮಾತ್ರೆ ಒಂದೇ ಸ್ವರ. ಮೂರನೇ ಮಾತ್ರೆಗೇ ನನ್ನ ಗಂಟಲು ಅವರ ಕಡೆ ಜಾರುತ್ತಿತ್ತು. ನಿಮ್ಮ ಪಾರ್ಟನ್ನು ಮನೆಯಲ್ಲಿ ಒಂಟಿಯಾಗಿ ಹಾಡಿಕೊಳ್ಳಿ. ಆಮೇಲೆ ಮುಖ್ಯ ಧಾಟಿಯನ್ನು ಫೋನಿನಲ್ಲಿ ಜೋರಾಗಿ ಹಾಕಿಕೊಂಡು ಅದರ ಮೇಲೆ ಹಾಡಿ. ಒಂದು ತಿಂಗಳಲ್ಲಿ ಕಿವಿ ಗಟ್ಟಿಯಾಗುತ್ತೆ.

ಮುಂದೆ ನಿಂತು ಹಾಡಿಸುವ ದಿನ ಬಂದಾಗ ನನ್ನ ಕೈ ಮೋಸ ಮಾಡಿತು. ಅಭ್ಯಾಸ ಬಲ, ಆದಿತಾಳದ ಹಾಗೆ ಪೆಟ್ಟು, ಹುಸಿ ಹಾಕುತ್ತಿದ್ದೆ. ಹುಸಿಗೆ ಅಂಗೈ ಮೇಲೆ ತಿರುಗಿತು ನೋಡಿ, ಅರ್ಧ ಜನ ನಿಲ್ಲಿಸಿ ಅಂತ ತಿಳಿದು ಹಾಡು ನಿಲ್ಲಿಸಿಬಿಟ್ಟರು. ಇನ್ನೊಂದು ನನ್ನ ತಲೆ. ಸರಿ ಅನ್ನೋಕೆ ನಾವು ತಲೆ ಅಡ್ಡಡ್ಡ ತೂಗುತ್ತೇವಲ್ಲ, ಅದನ್ನು ನೋಡಿ ಬೇಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ದನಿ, ಹಾಡುವ ಗಂಡಸರು ಪಾಪ ತಪ್ಪಾಯಿತೇನೋ ಅಂತ ದನಿ ಇಳಿಸಿದರು. ಈಗ ಕೈ ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಬಾಯಿ ತೆರೆದು ಉಸಿರು ತೆಗೆದುಕೊಳ್ಳುತ್ತೇನೆ. ಐವತ್ತು ಜನವೂ ನನ್ನ ಜೊತೆ ಉಸಿರೆಳೆದು ಒಟ್ಟಿಗೆ ಎತ್ತಿಕೊಳ್ಳುತ್ತಾರೆ. ಬಾಯಲ್ಲಿ ಎಣಿಸೋದಕ್ಕಿಂತ ಇದು ಎಷ್ಟೋ ವಾಸಿ.

ನಮ್ಮ ನಾಲಿಗೆಗೆ ಇನ್ನೊಂದು ಚಾಳಿ: ಬಸ್ಸು, ಕಾರು ಅಂದ ಹಾಗೆ ಲವ್ ಅನ್ನೋದೂ ಲವ್ವು ಆಗುತ್ತೆ. ಮಾತಲ್ಲಿ ಗೊತ್ತಾಗಲ್ಲ. ಉದ್ದ ಎಳೆದು ಹಾಡಿದರೆ ಆ ಕೊನೆಯ ‘ಉ’ ಹಾಲ್ ತುಂಬ ಕೇಳುತ್ತೆ. ಇಲ್ಲಿಯವರಿಗೂ ಅವರದೇ ಪಾಡು ಇದೆ. ಕೊನೆಯ ‘ಸ್’ ಅನ್ನು ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಮುಗಿಸಿದರೆ ಟೈರಿನ ಗಾಳಿ ಹೋದ ಸದ್ದು. ಒಂದೇ ಸಾಲಿನವರು ‘ಸ್’ ಹೇಳಿ, ಉಳಿದವರು ನುಂಗಿಬಿಡಿ ಎನ್ನುತ್ತೇನೆ.

ಎರಡು ಗಂಟೆಯ ರಿಹರ್ಸಲ್‌ನಲ್ಲಿ ಹೊಸ ಹಾಡು ಮೊದಲರ್ಧದಲ್ಲೇ ಆಗಬೇಕು. ಕೊನೆಗೆ ಚೆನ್ನಾಗಿ ಬರುವ ಹಳೇ ಹಾಡು. ಒಂದು ಪಾರ್ಟಿನವರಿಗೆ ಹೇಳಿಕೊಡುವಾಗ ಉಳಿದವರನ್ನು ಸುಮ್ನೆ ಕೂರಿಸಬೇಡಿ, ತಮ್ಮ ಸಾಲನ್ನು ಗುನುಗಲಿ. ಇಲ್ಲದಿದ್ದರೆ ಐದು ನಿಮಿಷಕ್ಕೆ ಸಂತೆ. “ಸ್ವಲ್ಪ ಮೇಲಿದೆ ಅಲ್ವಾ” ಎಂದು ಯಾರಾದರೂ ಮೆಲ್ಲಗೆ ಹೇಳಿದರೆ, ನಮಗೆ ಹಾಡೋಕೆ ಆಗ್ತಿಲ್ಲ ಎಂದೇ ಅರ್ಥ. ಇಲ್ಲಿಯ ದೂರು ಹೀಗೇ ಬರುತ್ತೆ. ಶ್ರುತಿ ಇಳಿಸಿಬಿಡಿ.

ಶ್ರುತಿ ಇಳಿಸಿದ್ದರಿಂದಲೇ ನನ್ನ ಮಾನ ಹೋದದ್ದೂ ಉಂಟು. ಒಂದು ಹಾಡನ್ನು ಒಂದು ಸ್ವರ ಕೆಳಗೆ ತಂದು ಆರು ವಾರ ಅಭ್ಯಾಸ ಮಾಡಿಸಿದ್ದೆ. ಶುರುವಿನ ನಾಲ್ಕು ಸಾಲು ವಾದ್ಯ ಇಲ್ಲದೆ, ಆಮೇಲೆ ಬ್ಯಾಕಿಂಗ್ ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯ. ಬೇಸಿಗೆಯ ಒಂದು ಮೇಳದಲ್ಲಿ ಬಯಲಲ್ಲೇ ನಿಂತಿದ್ದೇವೆ. ನಾಲ್ಕು ಸಾಲು ಬಂಗಾರದ ಹಾಗೆ ಬಂತು. ಟ್ರ್ಯಾಕ್ ಶುರುವಾಯಿತು, ಹಳೇ ಶ್ರುತಿಯಲ್ಲಿ! ಲ್ಯಾಪ್‌ಟಾಪಿನಲ್ಲಿ ಒಂದೇ ಹೆಸರಿನ ಎರಡು ಫೈಲ್ ಇದ್ದವು, ನಾನು ಒತ್ತಿದ್ದು ಹಳೇದನ್ನ. ಅರ್ಧ ಜನ ಮೇಲೆ ಹತ್ತಿದರು, ಅರ್ಧ ಜನ ಕೆಳಗೇ ಉಳಿದರು. ನಿಲ್ಲಿಸಿ, ತಪ್ಪು ನನ್ನದು ಎಂದು ಮೈಕಿನಲ್ಲಿ ಹೇಳಿ, ಮೊದಲಿಂದ ಶುರು ಮಾಡಿದೆ. ಚಪ್ಪಾಳೆ ಜಾಸ್ತಿಯೇ ಬಿತ್ತು. ಅವತ್ತು ಮನೆಗೆ ಬಂದು ಹಳೇ ಫೈಲ್‌ಗಳನ್ನೆಲ್ಲ ಅಳಿಸಿದೆ. ಬಯಲಲ್ಲಿ ಇನ್ನೊಂದು ತೊಂದರೆ, ಸ್ಪೀಕರ್ ಎಲ್ಲ ಜನರ ಕಡೆ ತಿರುಗಿರುತ್ತೆ. ಹಾಡುವವರ ಕಡೆಗೂ ಒಂದು ಇಡಿಸಿ. ಇಲ್ಲದಿದ್ದರೆ ಹಿಂದಿನ ಸಾಲಿಗೆ ಟ್ರ್ಯಾಕ್ ಕೇಳದೆ ಅವರು ತಮ್ಮದೇ ಲಯದಲ್ಲಿ ಹೊರಟುಹೋಗುತ್ತಾರೆ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. ನೊಟೇಷನ್ ಪುಸ್ತಕ ಜೆರಾಕ್ಸ್ ಮಾಡಿ ಹಂಚುವ ಹಾಗಿಲ್ಲ, ತಲೆಗೊಂದು ಪ್ರತಿ ಕೊಳ್ಳಬೇಕು. ಈಗಿನ ಹಾಡಿಗೆ ನೀವೇ ಹಾರ್ಮನಿ ಕಟ್ಟಿದರೂ ಅದರ ಹಕ್ಕು ಇರುವ ಪಬ್ಲಿಷರ್ ಒಪ್ಪಿಗೆ ಬೇಕು. ಕಾರ್ಯಕ್ರಮದ ಹಾಲ್‌ಗೆ ಮ್ಯೂಸಿಕ್ ಲೈಸೆನ್ಸ್ ಇದೆಯಾ ಎಂದು ಬುಕ್ ಮಾಡುವಾಗಲೇ ಕೇಳಿ.

ನಿಮ್ಮದು ಸ್ಕಿಲ್ಡ್ ವರ್ಕರ್ ವೀಸಾ ಅಂದಿರಿ. ಸಂಬಳ ಇಲ್ಲದೆ ಸ್ವಯಂಸೇವೆ ಮಾಡೋಕೆ ಅದರಲ್ಲಿ ಅಡ್ಡಿ ಇಲ್ಲ. ಮುಂದೊಂದು ದಿನ ಹಾಡಿಸಿದ್ದಕ್ಕೆ ಫೀಸ್ ಕೊಡುತ್ತೇವೆ ಅಂದರೆ ಮಾತ್ರ ನಿಯಮ ಓದದೆ ಕೈ ಚಾಚಬೇಡಿ. ಸ್ಟೂಡೆಂಟ್ ವೀಸಾದಲ್ಲಿರುವ ನಿಮ್ಮ ರೂಮ್‌ಮೇಟ್‌ಗೂ ಹೇಳಿ, ಅವರು ದುಡ್ಡು ತಗೊಂಡು ವೇದಿಕೆ ಮೇಲೆ ಹಾಡುವ ಹಾಗಿಲ್ಲ.

ಬರುವ ಮಂಗಳವಾರ ಅರ್ಧ ಗಂಟೆ ಮೊದಲೇ ಹೋಗಿ. ಕುರ್ಚಿಗಳನ್ನು ಕಮಾನಿನ ಹಾಗೆ ಹಾಕಿ, ನೇರ ಸಾಲು ಬೇಡ, ಒಬ್ಬರದು ಒಬ್ಬರಿಗೆ ಕೇಳಬೇಕು. ಆಲ್ಟೋ ಸಾಲಿನ ತುದಿಗೆ ಒಂದು ಕುರ್ಚಿ ಜಾಸ್ತಿ ಇರಲಿ, ತಡವಾಗಿ ಬರುವವರು ಒಬ್ಬರು ಇದ್ದೇ ಇರುತ್ತಾರೆ.