ಕಾಲು ಉಳುಕಿ ಹತ್ತು ದಿನ ಆಯ್ತು, ಬಾವು ಇಳಿದಿದೆ. ಈಗ ಐಸ್ ಇಡಬೇಕಾ, ಬಿಸಿನೀರು ಹಾಕಬೇಕಾ?

ಬಾವು ಇಳಿದಿದೆ ಅಂದ್ರಲ್ಲ, ನಾನು ಕೆಟ್ಟಿದ್ದೂ ಅಲ್ಲೇ.

ವಾಲಿಬಾಲ್‌ನಲ್ಲಿ ಹಾರಿ ಇಳಿಯುವಾಗ ಎದುರಿನವನ ಪಾದದ ಮೇಲೆ ಕಾಲಿಟ್ಟೆ, ಪಾದ ಒಳಕ್ಕೆ ಮಡಚಿತು. ಮನೆ ಮುಟ್ಟುವಷ್ಟರಲ್ಲಿ ಹೊರಗಂಟಿನ ಮುಂದೆ ಕೋಳಿಮೊಟ್ಟೆಯಷ್ಟು ಬಾವು. ಅಜ್ಜಿ ಹರಳೆಣ್ಣೆ ಕಾಯಿಸಿ ನೀವಲು ಬಂದರು, ಅಮ್ಮ ಬಿಡಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಐಸು, ಕ್ರೇಪ್ ಬ್ಯಾಂಡೇಜು, ದಿಂಬಿನ ಮೇಲೆ ಕಾಲು. ಅಮ್ಮ ಮಾಡಿದ್ದೇ ಸರಿ; ಮೊದಲ ಎರಡು ಮೂರು ದಿನ ಬಿಸಿಯೂ ಬೇಡ, ನೀವೋದೂ ಬೇಡ. ಐದನೇ ದಿನ ಹಿಮ್ಮಡಿ ಪಕ್ಕ ನೇರಳೆ ಬಣ್ಣ, ಆಮೇಲೆ ಹಳದಿ. 12ನೇ ದಿನ ನೋವೇ ಇಲ್ಲ. 13ನೇ ದಿನ ಕೋರ್ಟಿಗೆ ಹೋದೆ.

ಮತ್ತೆ ಅದೇ ಕಾಲು. ಈ ಸಲ ಯಾರ ಪಾದವೂ ಅಡ್ಡ ಬಂದಿರಲಿಲ್ಲ. ಅದೇ ವರ್ಷ ಮೂರನೇ ಸಲ, ಗಿರಣಿಯಿಂದ ಹಿಟ್ಟಿನ ಡಬ್ಬ ತರುವಾಗ, ಸಮತಟ್ಟಾದ ರಸ್ತೆಯಲ್ಲಿ!

ನೋವು ಹೋಯಿತು ಅಂದ್ರೆ ವಾಸಿಯಾಯಿತು ಅಂದ್ಕೊಂಡಿದ್ದೇ ನನ್ನ ತಪ್ಪು. ಉಳುಕಿದಾಗ ಹರಿಯೋದು ಮೂಳೆಗೂ ಮೂಳೆಗೂ ಬಿಗಿದಿರುವ ಲಿಗಮೆಂಟ್. ನೋವು ದಿನಗಳಲ್ಲಿ ಹೋಗುತ್ತೆ, ಅದು ಕೂಡಿಕೊಳ್ಳೋಕೆ ವಾರಗಟ್ಟಲೆ, ಜೋರಾಗಿ ಹರಿದಿದ್ರೆ ತಿಂಗಳುಗಟ್ಟಲೆ ಬೇಕು. ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ: ಪಾದ ಎತ್ತ ವಾಲಿದೆ ಅಂತ ಮೆದುಳಿಗೆ ಸುದ್ದಿ ಮುಟ್ಟಿಸುವ ನರಗಳೂ ಅದರಲ್ಲೇ ಇವೆ. ಅವಕ್ಕೂ ಪೆಟ್ಟಾಗಿ ಸುದ್ದಿ ತಡವಾದ್ರೆ ಸ್ನಾಯು ಹಿಡಿಯುವಷ್ಟರಲ್ಲಿ ಕಾಲು ಮಡಚಿರುತ್ತೆ. ಫಿಸಿಯೋ ಅವರು ಆ ಕಾಲಲ್ಲೇ ಕಣ್ಣು ಮುಚ್ಚಿ ನಿಲ್ಲಿ ಅಂದರು. ಮೂರು ಸೆಕೆಂಡಿಗೆ ಗೋಡೆ ಹಿಡಿದೆ.

ಹಾಗಾಗಿ ಐಸೋ ಬಿಸಿಯೋ ಅನ್ನೋ ಪ್ರಶ್ನೆಯನ್ನೇ ಬಿಡಿ. ಹತ್ತು ದಿನದ ಮೇಲೆ ಯಾವುದು ಹಿತವೋ ಅದು. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲಿ, ಸಿಂಕ್ ಕೈಗೆ ಸಿಗುವಂತಿರಲಿ. ಹಳೇ ಸೈಕಲ್ ಟ್ಯೂಬನ್ನು ಮಂಚದ ಕಾಲಿಗೆ ಕಟ್ಟಿ, ಪಾದಕ್ಕೆ ಸಿಕ್ಕಿಸಿ ಹೊರಕ್ಕೆ ಎಳೀರಿ.

ಬಿದ್ದ ದಿನ ನಾಲ್ಕು ಹೆಜ್ಜೆಯೂ ಇಡಲಾಗದಿದ್ರೆ, ಇಲ್ಲವೇ ಗಂಟಿನ ಮೂಳೆಯನ್ನೇ ಒತ್ತಿದಾಗ ನೋವಿದ್ರೆ ಎಕ್ಸ್‌ರೇ ಆಗಲೇಬೇಕು. ಉಳುಕು ತೆಗೆಯುವವರ ಕೈಗೆ ಕಾಲು ಕೊಡಬೇಡಿ, ಒಳಗೆ ಮೂಳೆ ಬಿರುಕು ಬಿಟ್ಟಿದೆಯೋ ಏನೋ ಅವರಿಗೆ ಕಾಣಲ್ಲ.

ಆರನೇ ವಾರಕ್ಕೆ ನಾನು ಕಣ್ಣು ಮುಚ್ಚಿ ಅರ್ಧ ನಿಮಿಷ ನಿಂತೆ. ಆಮೇಲೇ ಬಾಲ್ ಮುಟ್ಟಿದ್ದು.