ಕೋಲಾರದ ಮಕ್ಕಳ ವಾರ್ಡಿನ ನರ್ಸ್‌ಗಳಿಗೆ ಪ್ಯಾಲಿಯೇಟಿವ್ ಕೇರ್ ಕಲಿಸೋದು ಎಲ್ಲಿಂದ ಶುರು ಮಾಡಬೇಕು?

ಪ್ಯಾಲಿಯೇಟಿವ್ ಕೇರ್ ಅಂದರೆ ಗಂಭೀರ ಕಾಯಿಲೆಯ ಮಗುವಿನ ನೋವು, ಸಂಕಟ ಇಳಿಸಿ ಮನೆಯವರಿಗೂ ಆಸರೆಯಾಗೋ ಆರೈಕೆ. ವಾರಕ್ಕೆ ಎರಡೇ ಗಂಟೆ ಸಿಗುತ್ತೆ, ಯಾವುದು ಮೊದಲು ಅಂತ ಕೇಳಿದ್ದೀರಿ. ನೋವು ಮೊದಲು. ಮಗುವಿನ ನೋವು ಇಳಿಸೋಕೆ ಬರದಿದ್ದರೆ ಎಷ್ಟು ಸಮಾಧಾನ ಹೇಳಿದರೂ ಅಪ್ಪ ಅಮ್ಮ ನಂಬಲ್ಲ.

ಮಾತು ಬಾರದ ಮಕ್ಕಳ ನೋವು ಅಳೆಯೋಕೆ ನರ್ಸ್‌ಗಳಿಗೆ ಫ್ಲ್ಯಾಕ್ ಸ್ಕೇಲ್ ಕಲಿಸಿ: ಮುಖ, ಕಾಲು, ಚಲನೆ, ಅಳು, ಸಮಾಧಾನವಾಗುವ ರೀತಿ, ಒಂದೊಂದಕ್ಕೂ 0ಯಿಂದ 2, ಒಟ್ಟು 10. ತಪ್ಪಾಗೋದು ಇಲ್ಲಿ: ತುಂಬಾ ದಿನದಿಂದ ನೋಯುತ್ತಿರುವ ಮಗು ಅಳೋದನ್ನೇ ಬಿಟ್ಟು ಸುಮ್ಮನೆ ಮಲಗಿರುತ್ತೆ, ಸ್ಕೋರ್ ಕಮ್ಮಿ ಬರುತ್ತೆ. ಅಮ್ಮನನ್ನು ಕೇಳಲೇಬೇಕು. ನಿಮ್ಮ ಕಡೆ ಮನೆಮಾತು ತೆಲುಗು, ಉರ್ದು, ಕೆಜಿಎಫ್‌ನಲ್ಲಿ ತಮಿಳೂ ಇರುತ್ತೆ. ಮಗು ನೋವಿಗೆ ಏನನ್ನುತ್ತೆ ಅನ್ನೋದನ್ನು ಅಡ್ಮಿಟ್ ಆದ ದಿನವೇ ಕೇಸ್‌ಶೀಟಿನಲ್ಲಿ ಬರೆಸಿ.

ಆಮೇಲೆ ತೀವ್ರ ನೋವಿನ ಮದ್ದು ಮಾರ್ಫಿನ್. ಇದಕ್ಕೆ ಎರಡು ವಾರ ಕೊಟ್ಟರೂ ತಪ್ಪಿಲ್ಲ. ಕೈಯಾರೆ ಮಾಡಿಸಿ: 10 ಮಿಗ್ರಾಂನ ಸಾದಾ ಮಾತ್ರೆ ಪುಡಿ ಮಾಡಿ 10 ಮಿಲಿ ನೀರಿಗೆ ಹಾಕಿದರೆ 1 ಮಿಲಿಗೆ 1 ಮಿಗ್ರಾಂ. 10 ಕೆಜಿಯ ಎರಡು ವರ್ಷದ ಮಗುವಿಗೆ ಡಾಕ್ಟರ್ ಕೆಜಿಗೆ 0.2 ಮಿಗ್ರಾಂ ಬರೆದರೆ 2 ಮಿಲಿ, ನಾಲ್ಕು ಗಂಟೆಗೊಮ್ಮೆ. ಪುಡಿ ತಳಕ್ಕೆ ಕೂರೋ ಮುಂಚೆ ಕಲಕಿ ಸಿರಿಂಜಿಗೆ ಎಳೆಯಬೇಕು, ಚಮಚದ ಅಳತೆ ಬೇಡವೇ ಬೇಡ. ಉಳಿದದ್ದನ್ನು ಇನ್ನೊಬ್ಬ ನರ್ಸ್ ಎದುರು ಚೆಲ್ಲಿ ರಿಜಿಸ್ಟರ್‌ಗೆ ಬರೆಯಬೇಕು. ಎಸ್‌ಆರ್ ಮಾತ್ರೆ (ಮದ್ದನ್ನು ನಿಧಾನವಾಗಿ ಬಿಡೋದು) ಪುಡಿ ಮಾಡಿದರೆ 12 ಗಂಟೆಯ ಮದ್ದು ಒಂದೇ ಸಲಕ್ಕೆ ಮೈಗೆ ಹೋಗುತ್ತೆ, ಇದನ್ನು ಪ್ರತಿ ಕ್ಲಾಸಿನಲ್ಲೂ ಹೇಳಿ. ಮಲಬದ್ಧತೆಗೆ ಮೊದಲ ದಿನದಿಂದಲೇ ಲ್ಯಾಕ್ಟುಲೋಸ್ ಥರದ ಮದ್ದು ಬೇಕು. ಶುರುವಿನಲ್ಲಿ ಎರಡು ಮೂರು ದಿನ ಮಂಪರು ಸಹಜ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿ ಕಣ್ಣಪಾಪೆ ಸೂಜಿಮೊನೆಯಷ್ಟಾದರೆ ಮುಂದಿನ ಡೋಸ್ ತಡೆದು ಡಾಕ್ಟರ್‌ನ ತಕ್ಷಣ ಕರೀಬೇಕು. ರಾತ್ರಿ ಡ್ಯೂಟಿಯಲ್ಲಿ ‘ಪಾಪ, ಮಲಗಿದೆ, ಎಬ್ಬಿಸೋದು ಬೇಡ’ ಅಂತ ಡೋಸ್ ಬಿಡ್ತಾರೆ. ಬೆಳಗಿನ ಜಾವ ಮಗು ನೋವಲ್ಲೇ ಏಳುತ್ತೆ, ಮತ್ತೆ ಹಿಡಿತಕ್ಕೆ ತರೋದು ಕಷ್ಟ.

ಇದಕ್ಕೆಲ್ಲ ಮುಂಚೆ ಮಾರ್ಫಿನ್ ಇದೆಯಾ ಅಂತ ಫಾರ್ಮಸಿಯಲ್ಲಿ ವಿಚಾರಿಸಿ. ಎನ್‌ಡಿಪಿಎಸ್ ಅನ್ನೋ ಮಾದಕವಸ್ತು ನಿಯಂತ್ರಣ ಕಾಯ್ದೆಯ 2014ರ ತಿದ್ದುಪಡಿಯಿಂದ ಅನುಮತಿ ಸುಲಭವಾಗಿದೆ, ಆದರೆ ಆಸ್ಪತ್ರೆಗೆ ಮಾನ್ಯತೆ ಇರಬೇಕು. ಮದ್ದೇ ಇಲ್ಲದ ವಾರ್ಡಿನಲ್ಲಿ ಈ ಪಾಠ ನಿಲ್ಲಲ್ಲ.

ಅಪ್ಪ ಅಮ್ಮನ ಜೊತೆ ಹೇಗೆ ಮಾತಾಡೋದು ಅನ್ನೋದನ್ನು ಮೂವರ ಗುಂಪಿನಲ್ಲಿ ಆಡಿಸಿ: ಒಬ್ಬರು ನರ್ಸ್, ಒಬ್ಬರು ತಾಯಿ, ಒಬ್ಬರು ಬರೆದುಕೊಳ್ಳೋರು. ‘ನನ್ನ ಮಗು ಉಳಿಯುತ್ತಾ ಸಿಸ್ಟರ್?’ ಅಂದಾಗ ತಕ್ಷಣ ಉತ್ತರಿಸದೆ, ‘ಡಾಕ್ಟರ್ ಏನು ಹೇಳಿದ್ರು, ನಿಮಗೇನು ಅನ್ನಿಸ್ತಿದೆ?’ ಅಂತ ಕೇಳಿ ಕೂತ್ಕೋಬೇಕು. ‘ಇನ್ನೇನೂ ಮಾಡಕ್ಕಾಗಲ್ಲ’ ಅನ್ನೋ ಮಾತು ವಾರ್ಡಿನಲ್ಲಿ ಕೇಳಿಸಲೇಬಾರದು, ನೋವಿಗೆ, ಉಸಿರಿಗೆ ಕೊನೆವರೆಗೂ ಮಾಡೋದು ಇದ್ದೇ ಇದೆ.

ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳ್ಳಿಗೆ ಮಗುವನ್ನು ಕರ್ಕೊಂಡು ಹೋಗ್ತೀವಿ ಅಂದರೆ ಮದ್ದು, ಫೋನ್ ನಂಬರ್ ಜೊತೆ ಕೊನೆ ದಿನಗಳಲ್ಲಿ ಏನೇನಾಗುತ್ತೆ ಅಂತ ಒಂದು ಹಾಳೆ ಕೊಡಿ. ಊಟ ಕಮ್ಮಿಯಾಗುತ್ತೆ, ಒತ್ತಾಯ ಬೇಡ. ಉಸಿರು ನಿಂತು ನಿಂತು ಬರುತ್ತೆ. ಗಂಟಲು ಗೊರಗೊರ ಅಂದರೆ ಮಗ್ಗುಲಿಗೆ ಮಲಗಿಸಲಿ. ಫಿಟ್ಸ್ ಬರೋ ಮಗುವಾದರೆ ಫಿಟ್ಸ್ ನಿಲ್ಲಿಸೋ ಮೂಗಿನ ಮಿಡಜೋಲಾಮ್ ಸ್ಪ್ರೇ ಹೇಗೆ ಬಳಸೋದು ಅಂತ ತಾಯಿ ಡಿಸ್ಚಾರ್ಜ್‌ಗೆ ಮುಂಚೆ ಮಾಡಿ ತೋರಿಸಬೇಕು.

ಓದೋಕೆ ಮಕ್ಕಳ ಪ್ಯಾಲಿಯೇಟಿವ್ ಕೇರ್‌ನ ಅಂತರರಾಷ್ಟ್ರೀಯ ಜಾಲ ಐಸಿಪಿಸಿಎನ್‌ನ ಆನ್‌ಲೈನ್ ಕೋರ್ಸ್‌ಗಳು ಉಚಿತ. ಒಂದಿಬ್ಬರನ್ನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಹಾಸಿಗೆ ಪಕ್ಕದ ಕಲಿಕೆಗೆ ಕಳಿಸಬಹುದಾ ವಿಚಾರಿಸಿ, ವಾಪಸ್ ಬಂದವರೇ ಮಿಕ್ಕವರಿಗೆ ಕಲಿಸಲಿ.