ವ್ಯಾಂಕೂವರಿನಲ್ಲಿ ಸೆಟ್ ಕೆಲಸವನ್ನೇ ನಂಬಿ ಇರಬಹುದೇ?

ಬೆಂಗಳೂರಿನ ಸಿನಿಮಾ ಸೆಟ್ಟುಗಳಲ್ಲಿ ಆರು ವರ್ಷ ಲೈಟಿಂಗ್ ಮಾಡಿ ಬಂದ ನಿಮಗೆ ಇಲ್ಲಿ ಐದು ತಿಂಗಳಲ್ಲಿ ಸಿಕ್ಕಿದ್ದು ಒಂಬತ್ತೇ ದಿನದ ಕೆಲಸ. ಇದು ನಿಮ್ಮ ಕೊರತೆಯೇ, ಗೋದಾಮಿನ ಕೆಲಸ ಹಿಡಿದರೆ ಸೆಟ್ಟಿನ ದಾರಿ ಮುಚ್ಚಿಹೋಗುತ್ತದೆಯೇ ಎಂದು ಕೇಳಿದ್ದೀರಿ. ಹದಿನಾರು ವರ್ಷಗಳಿಂದ ಇದೇ ವಿಭಾಗದಲ್ಲಿರುವ ನಾನು ಹೇಳುವುದಿಷ್ಟು: ಕೊರತೆ ನಿಮ್ಮದಲ್ಲ, ಮತ್ತು ಗೋದಾಮಿನ ಕೆಲಸವನ್ನು ದಯವಿಟ್ಟು ಕೈಬಿಡಬೇಡಿ.

ಇಲ್ಲಿನ ಚಿತ್ರೀಕರಣದ ಬಹುಪಾಲು ಹಾಲಿವುಡ್ಡಿನ ಹಣದಿಂದ ನಡೆಯುತ್ತದೆ. ಅಲ್ಲಿ ಕೆರೆ ಬತ್ತಿದರೆ ಇಲ್ಲಿ ಕಾಲುವೆ ಒಣಗುತ್ತದೆ. 2023ರ ಮೇ 2ರಂದು ಅಮೆರಿಕದ ಬರಹಗಾರರು, ಜುಲೈ 14ರಂದು ನಟರು ಮುಷ್ಕರ ಹೂಡಿದರು. ನಟರ ಮುಷ್ಕರ ನವೆಂಬರ್ 9ಕ್ಕೆ ಮುಗಿಯುವವರೆಗೂ ನನ್ನ ಟೂಲ್ ಬೆಲ್ಟು ಬಾಗಿಲ ಹಿಂದಿನ ಮೊಳೆಯಲ್ಲೇ ತೂಗುತ್ತಿತ್ತು. ಮತ್ತೆ ಕೈಗೆತ್ತಿಕೊಂಡಾಗ ಅದರಲ್ಲಿ ಸಿಕ್ಕಿಸಿದ್ದ ಚರ್ಮದ ಕೈಗವಸು ಬೆರಳು ಮಡಚಲಾರದಷ್ಟು ಬಿರುಸಾಗಿತ್ತು. ಆಮೇಲೆ ಎಲ್ಲ ಸರಿಹೋಗುವುದೆಂದು ನಂಬಿದ್ದೆವು, ಆದರೆ ಸ್ಟ್ರೀಮಿಂಗ್ ಕಂಪನಿಗಳು ಸರಣಿಗಳ ಸಂಖ್ಯೆಯನ್ನೇ ಇಳಿಸಿದ್ದವು. ಇಲ್ಲಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸರ್ಕಾರ 2025ರಿಂದ ಹೊರಗಿನ ಚಿತ್ರನಿರ್ಮಾಣಗಳಿಗೆ ಕೊಡುವ ತೆರಿಗೆ ರಿಯಾಯಿತಿಯನ್ನು ಶೇ 28ರಿಂದ 36ಕ್ಕೆ ಏರಿಸಿದ ಮೇಲೂ ನನಗೆ ಬರುವ ಕರೆಗಳು 2022ರಷ್ಟಿಲ್ಲ.

ಇಂಥ ಕಾಲದಲ್ಲಿ ಚಿತ್ರೀಕರಣ ಕಾರ್ಮಿಕರ ಸಂಘದ ಪಟ್ಟಿಯಲ್ಲಿ ಮೊದಲ ಕರೆ ಸದಸ್ಯರಿಗೆ. ಅವರೆಲ್ಲ ಕೆಲಸದಲ್ಲಿದ್ದಾಗ ಮಾತ್ರ ನಿಮ್ಮಂತೆ ಇನ್ನೂ ಸದಸ್ಯರಾಗದೆ ಸಂಘದ ಪರ್ಮಿಟ್ ಮೇಲೆ ದುಡಿಯುವವರ ಸರದಿ. ಈಗ ಸದಸ್ಯರೇ ಮನೆಯಲ್ಲಿದ್ದಾರೆ.

ನಿರುದ್ಯೋಗ ವಿಮೆಯ ಲೆಕ್ಕವನ್ನು ಮಾತ್ರ ಇಂದೇ ಕಲಿತುಕೊಳ್ಳಿ. ಆಯಾ ಪ್ರದೇಶದ ನಿರುದ್ಯೋಗದ ಮಟ್ಟವನ್ನು ನೋಡಿ ಸಾಮಾನ್ಯವಾಗಿ ಹಿಂದಿನ 52 ವಾರಗಳಲ್ಲಿ 420ರಿಂದ 700 ಗಂಟೆ ದುಡಿದಿರಬೇಕು. ಆಗ ಒಂದು ಮಿತಿಯೊಳಗೆ ಸರಾಸರಿ ವಾರದ ಸಂಬಳದ ಶೇ 55 ಸಿಗುತ್ತದೆ. ದಿನಕ್ಕೆ ಹನ್ನೆರಡು ಗಂಟೆಯ ಸೆಟ್ಟಿನಲ್ಲಿ ವಾರಕ್ಕೆ ಐದು ದಿನದಂತೆ ಹನ್ನೆರಡು ವಾರ ಪೂರ್ತಿ ಸಿಕ್ಕಿದರೆ 720 ಗಂಟೆಯಾಗುತ್ತದೆ, ಆದರೆ ಒಂಬತ್ತು ದಿನದಿಂದ ಏನೂ ಆಗದು. ಗೋದಾಮಿನ ಗಂಟೆಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ. ಆದರೆ ಸಕಾರಣವಿಲ್ಲದೆ ನೀವಾಗಿ ಕೆಲಸ ಬಿಟ್ಟರೆ ಆ ಭತ್ಯೆ ಕೈತಪ್ಪುತ್ತದೆ. ಆದ್ದರಿಂದ ಎರಡು ದಿನದ ಶೂಟಿಂಗಿಗಾಗಿ ರಾಜೀನಾಮೆ ಕೊಡಬೇಡಿ.

ಗೋದಾಮಿನಲ್ಲಿ ರಾತ್ರಿ ಪಾಳಿಯನ್ನೋ ವಾರಾಂತ್ಯದ ಪಾಳಿಯನ್ನೋ ಕೇಳಿ ಪಡೆದು, ಬಿಡುವಿರುವ ದಿನಗಳನ್ನು ಸಂಘದ ಕಚೇರಿಗೂ ಆ ಒಂಬತ್ತು ದಿನ ನಿಮ್ಮನ್ನು ಕರೆಸಿಕೊಂಡವರಿಗೂ ತಿಳಿಸಿಡಿ. ಮರುದಿನದ ಕರೆ ಹಿಂದಿನ ಸಂಜೆ ಬರುವುದೇ ಹೆಚ್ಚು. ಈ ಭಾನುವಾರ ಪೇ ಸ್ಲಿಪ್ಪುಗಳನ್ನೆಲ್ಲ ಹಿಡಿದು ನಮ್ಮ ಮನೆಗೆ ಊಟಕ್ಕೆ ಬನ್ನಿ, ಕುಳಿತು ಗಂಟೆಗಳನ್ನು ಲೆಕ್ಕ ಹಾಕೋಣ.